ಹೊಲಿಗೆಯ ಮೇಲೆ ಬೀಳುವ ಬೆಳಕು

ಎಲ್ಲರಿಗೂ ನಮಸ್ಕಾರ. ಹಾಲು ಕರೆದು, ಡೇರಿಗೆ ಹಾಕಿ, ಜಗಳೂರು, ಹರಿಹರ, ಚನ್ನಗಿರಿ ಕಡೆಯಿಂದ ಬಸ್ ಹತ್ತಿ ಬಂದವರಿದ್ದೀರಿ. ದಾವಣಗೆರೆಯಲ್ಲೇ ನಾಯಿ, ಬೆಕ್ಕು ಸಾಕಿದವರೂ ಇದ್ದೀರಿ. ಆಪರೇಷನ್ ಆದ ಪ್ರಾಣಿಯ ಹೊಲಿಗೆ ಮಾಯಲು ಲೇಸರ್ ಬೆಳಕು ಬಿಡುವುದರ ಬಗ್ಗೆ ಇವತ್ತಿನ ಮಾತು. ಒಳಗೆ ಬರುವಾಗ ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿ ಕೇಳಿದರು: "ಲೇಸರ್ ಅಂದ್ರೆ ಕುಯ್ಯೋದಲ್ವಾ ಡಾಕ್ಟ್ರೇ? ಕುಯ್ದಿದ್ದನ್ನ ಅದು ಹೆಂಗೆ ಮಾಯಿಸುತ್ತೆ?" ಒಳ್ಳೆಯ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

ಕುಯ್ಯುವ ಲೇಸರ್ ಬೇರೆ. ಅದರ ಬಲವೆಲ್ಲ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ, ಚರ್ಮ ಸೀಳುತ್ತದೆ. ನಾನು ಹೇಳುತ್ತಿರುವುದು ಕಡಿಮೆ ಶಕ್ತಿಯ ಲೇಸರ್. ಅದು ಕೆಂಪು ಬೆಳಕು, ಇಲ್ಲವೇ ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕು. ಬೆಳಕಿನ ಅಲೆಯ ಉದ್ದದ ಅಳತೆಯಲ್ಲಿ ಸುಮಾರು 600ರಿಂದ 1000 ನ್ಯಾನೋಮೀಟರ್ ಒಳಗಿನದು. ಈ ಬೆಳಕು ಚರ್ಮದ ಮೇಲೇ ನಿಲ್ಲುವುದಿಲ್ಲ, ಸ್ವಲ್ಪ ಒಳಕ್ಕೂ ಇಳಿಯುತ್ತದೆ.

ಇಂಥ ಬೆಳಕು ಗಾಯ ಮಾಯಲು ನೆರವಾಗಬಹುದು ಎಂಬ ಸುಳಿವು ಸಿಕ್ಕಿದ್ದು ಇಲಿಗಳಿಂದ. ಮೊದಲ ಲೇಸರ್ ಬಂದದ್ದು 1960ರಲ್ಲಿ. 1967ರ ಸುಮಾರಿಗೆ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯರು, ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡಲು ಇಲಿಗಳ ಬೆನ್ನು ಬೋಳಿಸಿ ಬೆಳಕು ಬಿಟ್ಟರು. ಕ್ಯಾನ್ಸರ್ ಬರಲಿಲ್ಲ. ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು! ಆಮೇಲೆ ಅವರು ಗಾಯಗಳ ಕಡೆ ತಿರುಗಿದರು.

ಒಳಗೆ ಏನಾಗುತ್ತದೆ? ಜೀವಕೋಶದಲ್ಲಿ ಮೈಟೊಕಾಂಡ್ರಿಯ ಅಂತ ಇದೆ, ಕೋಶದ ಒಲೆ ಅನ್ನಿ. ಅಲ್ಲಿನ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಂಡಾಗ ಕೋಶಕ್ಕೆ ಜಾಸ್ತಿ ಶಕ್ತಿ ಸಿಗುತ್ತದೆ ಎನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಊತ ಇಳಿಯಲು, ಹೊಸ ರಕ್ತನಾಳ ಚಿಗುರಲು, ಗಾಯವನ್ನು ಹಿಡಿದು ನಿಲ್ಲಿಸುವ ಕೊಲಾಜೆನ್ ನಾರು ಹೆಣೆಯಲು ಆ ಶಕ್ತಿ ಬೇಕು.

ಈಗ ಒಂದು ಆಕಳ ವಿಷಯ ಹೇಳುತ್ತೇನೆ. ಜಗಳೂರು ಕಡೆಯದು. ಮೇವು ಬಿಟ್ಟಿತ್ತು, ಹೊಟ್ಟೆ ಉಬ್ಬಿತ್ತು. ಎಡಪಕ್ಕೆ ಕುಯ್ದು ನೋಡಿದರೆ ಒಳಗೆ ಪ್ಲಾಸ್ಟಿಕ್ ಚೀಲಗಳ ಉಂಡೆ, ನಡುವೆ ಹಗ್ಗದ ತುಂಡು. ಎಲ್ಲ ತೆಗೆದು ಹೊಲಿಗೆ ಹಾಕಿದೆವು. ಮೂರನೇ ದಿನ ಹೊಲಿಗೆಯ ಅಕ್ಕಪಕ್ಕ ಕೈ ಇಟ್ಟರೆ ಬಿಸಿ, ಗಟ್ಟಿ ಊತ. ಕೀವು ಇರಲಿಲ್ಲ. ಅವತ್ತಿನಿಂದ ಲೇಸರ್ ಶುರು ಮಾಡಿದೆವು. ಆಕಳು ಮೆಲುಕು ಹಾಕುತ್ತಾ ನಿಂತೇ ಇತ್ತು, ಒಮ್ಮೆಯೂ ಒದೆಯಲಿಲ್ಲ.

ಇಲ್ಲಿ ಲೆಕ್ಕ ಮುಖ್ಯ, ಸ್ವಲ್ಪ ಗಮನ ಕೊಡಿ. ಹೊಲಿಗೆಯ ಉದ್ದ 25 ಸೆಂಟಿಮೀಟರ್. ಎರಡೂ ಬದಿ ಸೇರಿ ಅಗಲ 4. ಅಂದರೆ 100 ಚದರ ಸೆಂಟಿಮೀಟರ್. ಬೆಳಕಿನ ಶಕ್ತಿಯನ್ನು ಜೂಲ್‌ನಲ್ಲಿ ಅಳೆಯುತ್ತೇವೆ. ಒಂದು ಚದರ ಸೆಂಟಿಮೀಟರ್‌ಗೆ 4 ಜೂಲ್ ಎಂದು ಹಿಡಿದರೆ 400 ಜೂಲ್ ಬೇಕು. ನಮ್ಮ ಯಂತ್ರ ಅರ್ಧ ವ್ಯಾಟ್‌ನದು, ಸೆಕೆಂಡಿಗೆ ಅರ್ಧ ಜೂಲ್ ಕೊಡುತ್ತದೆ. ಹಾಗಾದರೆ 800 ಸೆಕೆಂಡ್, ಹದಿಮೂರು ನಿಮಿಷಕ್ಕಿಂತ ಜಾಸ್ತಿ. ಬೆಕ್ಕಿನ ಪುಟ್ಟ ಹೊಲಿಗೆಗೆ ಒಂದು ನಿಮಿಷವೂ ಬೇಡ. ದೊಡ್ಡ ಗಾಯದ ಮೇಲೆ ಎರಡು ನಿಮಿಷ ಸುಮ್ನೆ ಆಡಿಸಿ ಮುಗಿಸಿದರೆ ಅದು ಚಿಕಿತ್ಸೆಯಲ್ಲ. ಹಾಗಂತ ಜಾಸ್ತಿ ಕೊಟ್ಟರೆ ಜಾಸ್ತಿ ಲಾಭ ಅಂತಲೂ ಇಲ್ಲ. ಪ್ರಮಾಣ ಮೀರಿದರೆ ಮಾಯುವುದು ನಿಧಾನವಾಗಬಹುದು.

ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಎಮ್ಮೆಯ ಕಪ್ಪು ಚರ್ಮ ಬೆಳಕನ್ನು ಮೇಲೇ ಹೀರಿಬಿಡುತ್ತದೆ, ಬಲ ಜಾಸ್ತಿ ಇರುವ ಯಂತ್ರವಾದರೆ ಬಿಸಿಯೂ ಆಗುತ್ತದೆ. ಬಿಳಿ ಆಕಳಿಗೆ ಹಿಡಿದಂತೆಯೇ ಎಮ್ಮೆಗೆ ಹಿಡಿಯಬಾರದು. ಕೂದಲನ್ನಂತೂ ಮೊದಲೇ ಕತ್ತರಿಸಬೇಕು.

ಆ ಆಕಳು ಚೆನ್ನಾಗಿ ಮಾಯ್ದಿತು. ಲೇಸರ್‌ನಿಂದಲೇ ಮಾಯ್ದಿತು ಎಂದು ಮಾತ್ರ ನಾನು ಹೇಳಲಾರೆ. ನಾಯಿಗಳ ಮೇಲಿನ ಕೆಲವು ಅಧ್ಯಯನಗಳಲ್ಲಿ ಹೊಲಿಗೆ ಹಾಕಿದ ಗಾಯದ ಕಲೆ ಕಡಿಮೆ ಕಂಡಿದೆ. ತೆರೆದ ಗಾಯಗಳ ಮೇಲೆ ಮಾಡಿದ ಅಧ್ಯಯನದಲ್ಲಿ ವ್ಯತ್ಯಾಸವೇ ಕಾಣದ್ದೂ ಇದೆ. ಇದನ್ನು ನಿಮ್ಮಿಂದ ಮುಚ್ಚಿಟ್ಟು ಯಂತ್ರ ಹೊಗಳುವುದು ನನಗೆ ಸರಿ ಅನಿಸುವುದಿಲ್ಲ. ದುಡ್ಡು ನಿಮ್ಮದು, ಪ್ರಾಣಿ ನಿಮ್ಮದು.

ಆ ಆಕಳನ್ನು ಸಾಕಿದ ಅಮ್ಮ ಮೊದಲ ದಿನವೇ ಕೇಳಿದರು: "ಈ ಬೆಳಕು ಬಿಟ್ರೆ ಹುಳ ಬೀಳಲ್ವಾ ಸರ್?" ನಾನಂದೆ, "ಬೀಳ್ತವಮ್ಮ. ನೊಣ ಕೂರದಂಗೆ ನೀವೇ ನೋಡ್ಕೋಬೇಕು." ಅವರು ನೋಡಿಕೊಂಡರು. ದಿನಾ ಗಂಜಲ ಬಳಿದು ತೆಗೆದು ನೆಲ ಒಣಗಿಸಿದರು. ಹೊಲಿಗೆಗೆ ಔಷಧಿ ಹಚ್ಚಿ, ಹಗಲೆಲ್ಲ ಬೇವಿನ ಸೊಪ್ಪಿನಿಂದ ನೊಣ ಓಡಿಸುತ್ತಾ ಕೂತರು. ಹದಿನಾಲ್ಕನೇ ದಿನ ನಾನು ಹೊಲಿಗೆ ಬಿಚ್ಚುವಾಗ ಒಂದು ಕಡೆಯೂ ಬಾಯಿ ಬಿಟ್ಟಿರಲಿಲ್ಲ. ನಾಯಿಯಾದರೆ ನೆಕ್ಕದಂತೆ ಕೊರಳಿಗೆ ಕಾಲರ್ ಹಾಕಿ. ಕೀವು ಬಂದರೆ, ಹೊಲಿಗೆ ಬಿಟ್ಟುಕೊಂಡರೆ ಲೇಸರ್ ಅಂತ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಕೆಲವು ಕಡೆ ಈ ಬೆಳಕು ಬಿಡಲೇಬಾರದು. ಕ್ಯಾನ್ಸರ್ ಗಂಟು ಇದ್ದಲ್ಲಿ ಬೇಡ. ಕೊಂಬಿನ ಕ್ಯಾನ್ಸರ್ ತೆಗೆಸಿದ ಎತ್ತು ಇದ್ದರೆ ಈ ಮಾತು ನೆನಪಿಡಿ. ಗಬ್ಬದ ಪ್ರಾಣಿಯ ಹೊಟ್ಟೆಯ ಮೇಲೆ ಬೇಡ, ರಕ್ತ ಸೋರುತ್ತಿರುವ ಗಾಯಕ್ಕೆ ಬೇಡ. ಕಣ್ಣಿಗಂತೂ ತಾಗಲೇಬಾರದು.

ಯಂತ್ರ ಮೇಜಿನ ಮೇಲಿದೆ, ಒಬ್ಬೊಬ್ಬರಾಗಿ ಬಂದು ನೋಡಿ. ಪಕ್ಕದಲ್ಲಿ ಅದರದೇ ಕನ್ನಡಕಗಳಿವೆ. ನಾನು ಸ್ವಿಚ್ ಹಾಕುವ ಮೊದಲು ಎಲ್ಲರೂ ಹಾಕಿಕೊಳ್ಳಿ. ಮಕ್ಕಳನ್ನು ಸ್ವಲ್ಪ ಹಿಂದೆ ನಿಲ್ಲಿಸಿ.