ಆರು ತುಂಡು, ಒಂದು ಬಾದಾಮಿ

ಈಗ ನೀವು ನೋಡುತ್ತಿರುವುದು ನನ್ನ ಹೆಬ್ಬೆರಳನ್ನು. ಬೆಣ್ಣೆ ಮೆತ್ತಿದ ಹೆಬ್ಬೆರಳು. ಮೊದಲ ಹತ್ತು ಸೆಕೆಂಡು ಇದೇ ದೃಶ್ಯ, ಸಹಿಸಿಕೊಳ್ಳಿ. ಲೆನ್ಸ್ ಒರೆಸಿದ ಮೇಲೂ ಬಲಮೂಲೆಯಲ್ಲಿ ಒಂದು ಮಸುಕು ಉಳಿದಿದೆ. ಅದು ಮಂಜಲ್ಲ, ಕಲೆಗಾರಿಕೆಯೂ ಅಲ್ಲ, ಬೆಣ್ಣೆ.

ಇಂದು ಮಾಡುತ್ತಿರುವುದು ಫ್ರಾನ್ಸಿನ ಗಲೆಟ್ ದೆ ರ್ವಾ. ರಾಜರ ಗಲೆಟ್ ಎಂದು ಅರ್ಥ, ಗಲೆಟ್ ಎಂದರೆ ಚಪ್ಪಟೆಯಾದ ದುಂಡು ಕೇಕ್. ಶಿಶು ಯೇಸುವನ್ನು ನೋಡಲು ಮೂವರು ಜ್ಞಾನಿಗಳು ಬಂದ ನೆನಪಿನ ಎಪಿಫನಿ ಹಬ್ಬ ಜನವರಿ 6ರಂದು. ಇದು ಆ ಹಬ್ಬದ ತಿನಿಸು, ಆದರೆ ಫ್ರೆಂಚರು ಆ ಒಂದು ದಿನಕ್ಕೇ ನಿಲ್ಲಿಸುವುದಿಲ್ಲ, ಜನವರಿ ಪೂರ್ತಿ ತಿನ್ನುತ್ತಾರೆ. ಪದರ ಪದರದ ಎರಡು ಹಾಳೆ, ನಡುವೆ ಬಾದಾಮಿಯ ಹೂರಣ, ಅದರೊಳಗೆ ಬಚ್ಚಿಟ್ಟ ಒಂದು ಪುಟ್ಟ ವಸ್ತು. ಅದು ಯಾರ ಪಾಲಿನ ತುಂಡಿನಲ್ಲಿ ಸಿಗುತ್ತದೆಯೋ ಅವರು ಆ ದಿನದ ರಾಜ ಅಥವಾ ರಾಣಿ. ಇದು ಉತ್ತರ ಫ್ರಾನ್ಸಿನ ಮಾತು. ದಕ್ಷಿಣದವರ ಬಳಿ ಹೋದರೆ ಸಕ್ಕರೆ ಪಾಕದಲ್ಲಿ ನೆನೆದ ಹಣ್ಣುಗಳನ್ನು ಅಂಟಿಸಿದ ಬ್ರೆಡ್ ಬಳೆಯನ್ನು ಕೈಗಿಟ್ಟು, ಅಸಲಿ ಇದು ಎನ್ನುತ್ತಾರೆ. ಆ ಜಗಳದಲ್ಲಿ ನಾನಿಲ್ಲ.

ಹಿಟ್ಟು ಮಡಚುವುದನ್ನು ವೇಗವಾಗಿ ಓಡಿಸಿದ್ದೇನೆ. ಮೂರು ಮಡಿಕೆ, ಫ್ರಿಜ್, ಮತ್ತೆ ಮೂರು ಮಡಿಕೆ, ಮತ್ತೆ ಫ್ರಿಜ್. ಹೀಗೆ ಆರು ಬಾರಿ ಮಡಚಿದರೆ ಬೆಣ್ಣೆಯ ಪದರ 729 ಆಗುತ್ತದೆ. ಮೂರನ್ನು ಮೂರರಿಂದ ಗುಣಿಸುತ್ತಾ ಹೋಗಿ, ಲೆಕ್ಕ ಸರಿಯಾಗಿಯೇ ಇದೆ. ನನ್ನದು ನಾಲ್ಕನೆಯ ಬಾರಿಗೆ ಹರಿಯಿತು, ಬೆಣ್ಣೆ ಲಟ್ಟಣಿಗೆಗೆ ಅಂಟಿಕೊಂಡಿತು. ಹೆಬ್ಬೆರಳಿನ ಕಥೆ ಶುರುವಾದದ್ದು ಅಲ್ಲಿಯೇ. ಈ ಹಾಳೆಯನ್ನು ಮನೆಯಲ್ಲಿ ಸುಲಭವಾಗಿ ಮಾಡಬಹುದು ಎನ್ನುವವರು ಸುಳ್ಳು ಹೇಳುತ್ತಾರೆ. ಸಿದ್ಧ ಹಾಳೆ ತನ್ನಿ, ಗೌರವವೇನೂ ಕಡಿಮೆಯಾಗುವುದಿಲ್ಲ.

ಇನ್ನು ಬಚ್ಚಿಡುವ ವಸ್ತು. ಫ್ರೆಂಚಿನಲ್ಲಿ ಅದಕ್ಕೆ ಫೆವ್ ಎನ್ನುತ್ತಾರೆ, ಅಂದರೆ ಕಾಳು. ಮೊದಲು ನಿಜವಾದ ಕಾಳನ್ನೇ ಇಡುತ್ತಿದ್ದರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಪಿಂಗಾಣಿಯ ಪುಟ್ಟ ಬೊಂಬೆಗಳು ಬಂದವು, ಹೆಸರು ಮಾತ್ರ ಕಾಳಿನದೇ ಉಳಿಯಿತು. ಈ ಬೊಂಬೆಗಳನ್ನು ಜೀವಮಾನವಿಡೀ ಕೂಡಿಡುವ ಹವ್ಯಾಸಿಗಳಿದ್ದಾರೆ, ಅವರಿಗೆಂದೇ ಫ್ರೆಂಚಿನಲ್ಲಿ ಒಂದು ಪ್ರತ್ಯೇಕ ಪದವೂ ಇದೆ. ನಾನು ಇಡುತ್ತಿರುವುದು ಪಿಂಗಾಣಿಯನ್ನಲ್ಲ, ಒಂದು ಇಡೀ ಬಾದಾಮಿಯನ್ನು. ಕಾರಣ ಭಾವನವರ ಹಲ್ಲು. ಹೋದ ತಿಂಗಳಷ್ಟೇ ಅದಕ್ಕೆ ಕ್ಯಾಪ್ ಹಾಕಿಸಿಕೊಂಡಿದ್ದಾರೆ. ಪಿಂಗಾಣಿಯನ್ನು ಕಚ್ಚಿ ಅದು ಕಿತ್ತು ಬಂದರೆ ರಾಜಪಟ್ಟ ಅವರಿಗೆ, ಶಿಕ್ಷೆ ನನಗೆ.

ಬಾದಾಮಿಯನ್ನು ಅಂಚಿನ ಹತ್ತಿರ ಇಡಬೇಕು. ನಡುವೆ ಇಟ್ಟರೆ ಕತ್ತರಿಸುವಾಗ ಚಾಕುವಿಗೇ ಸಿಕ್ಕಿ ಗುಟ್ಟು ರಟ್ಟಾಗುತ್ತದೆ. ಈಗ ಇಟ್ಟೆ. ನಿಮಗೆ ಕಾಣಿಸಲಿಲ್ಲ, ನನಗೂ ಗೊತ್ತು. ಸರಿಯಾಗಿ ಅದೇ ಕ್ಷಣಕ್ಕೆ ಕ್ಯಾಮೆರಾ ನನ್ನ ಕೈ ಬಿಟ್ಟು ಹಿಂದಿನ ಗೋಡೆಯನ್ನು ಸ್ಪಷ್ಟವಾಗಿ ತೋರಿಸಿದೆ. ಗೋಡೆಯ ಮೇಲಿನ ಮೊಳೆಯನ್ನು ಎಷ್ಟು ಚೆನ್ನಾಗಿ ಹಿಡಿದಿದೆ ನೋಡಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದಲೇ ನನ್ನ ಮಾನ ಹೋಗುವುದು.

ಮೇಲೆ ಚಾಕುವಿನ ತುದಿಯಿಂದ ಬಿಲ್ಲಿನಂತೆ ಗೆರೆ ಎಳೆಯುತ್ತಿದ್ದೇನೆ. ಇದಕ್ಕೆ ತಾಳ್ಮೆ ಬೇಕು, ಆದ್ದರಿಂದ ಬೇರೆ ಮಾತಾಡೋಣ. ಸ್ಪೇನಿನಲ್ಲಿ ಡಿಸೆಂಬರ್ 31ರ ಮಧ್ಯರಾತ್ರಿ ಹನ್ನೆರಡು ದ್ರಾಕ್ಷಿ ತಿನ್ನುತ್ತಾರೆ. ಮ್ಯಾಡ್ರಿಡ್‌ನ ಪುವೆರ್ತಾ ದೆಲ್ ಸೋಲ್ ಚೌಕದ ಗಡಿಯಾರ ಹನ್ನೆರಡು ಬಾರಿ ಹೊಡೆಯುತ್ತದೆ, ಒಂದೊಂದು ಹೊಡೆತಕ್ಕೆ ಒಂದೊಂದು ದ್ರಾಕ್ಷಿ. ಎರಡು ಹೊಡೆತಗಳ ನಡುವೆ ಸಿಗುವುದು ಸುಮಾರು ಮೂರು ಸೆಕೆಂಡು. ಹನ್ನೆರಡು ಹೊಡೆತಕ್ಕೂ ಮೊದಲು ಕಾಲುಗಂಟೆಯ ಗಂಟೆಗಳು ಮೊಳಗುತ್ತವೆ. ಅವಸರಗೇಡಿಗಳು ಅದಕ್ಕೇ ತಿನ್ನಲು ಶುರುಮಾಡಿ, ನಿಜವಾದ ಗಂಟೆ ಬರುವಷ್ಟರಲ್ಲಿ ಬರಿಗೈಯಲ್ಲಿರುತ್ತಾರೆ. ಸಿಪ್ಪೆ ಸುಲಿದು ಬೀಜ ತೆಗೆದ ಹನ್ನೆರಡೇ ದ್ರಾಕ್ಷಿಯ ಪುಟ್ಟ ಡಬ್ಬಿಗಳೂ ಮಾರಾಟಕ್ಕಿವೆ. ಮೊದಲು ಕೇಳಿದಾಗ ನಗು ಬಂದಿತ್ತು. ಆಮೇಲೆ ನಾನೇ ಮೊಬೈಲ್‌ನಲ್ಲಿ ಗಂಟೆಯ ಸದ್ದು ಹಾಕಿಕೊಂಡು ಬೀಜದ ದ್ರಾಕ್ಷಿಯೊಂದಿಗೆ ಪ್ರಯತ್ನಿಸಿದೆ. ಏಳನೆಯದಕ್ಕೆ ಎರಡೂ ಕೆನ್ನೆ ತುಂಬಿತ್ತು. ಡಬ್ಬಿಯ ದ್ರಾಕ್ಷಿಯವರು ಬುದ್ಧಿವಂತರು. ಗೆರೆ ಮುಗಿಯಿತು, ಓವನ್‌ಗೆ ಹೋಗೋಣ.

ಮೊಟ್ಟೆ ಹಚ್ಚುವಾಗ ಅಂಚಿಗೆ ತಾಗಿಸಬೇಡಿ, ಪದರಗಳು ಅಂಟಿಕೊಂಡರೆ ಉಬ್ಬುವುದಿಲ್ಲ. ನಾನು ತಾಗಿಸಿದ್ದೇನೆ, ಎಡಗಡೆ ನೋಡಿ, ಅಲ್ಲಿ ಉಬ್ಬಲೇ ಇಲ್ಲ. ಉಳಿದ ಕಡೆ ಮಾತ್ರ... ಈ ಶಾಟ್ ನನಗೆ ಬಹಳ ಇಷ್ಟ. ಹಾಳೆ ಮೊದಲು ಬೆವರುತ್ತದೆ, ಆಮೇಲೆ ಸುಮ್ಮನಿರುತ್ತದೆ, ಇದ್ದಕ್ಕಿದ್ದಂತೆ ಒಂದು ಬದಿ ಮೇಲಕ್ಕೆದ್ದು ಎಸಳುಗಳು ಬಿಡಿಬಿಡಿಯಾಗುತ್ತವೆ. ಸಿದ್ಧ ಹಾಳೆ ತನ್ನಿ ಎಂದಿದ್ದೆನಲ್ಲ, ಆ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಮನೆಯಲ್ಲೇ ಮಾಡಿ. ಹರಿದರೂ ಚಿಂತೆಯಿಲ್ಲ.

ಬೇಯಲು ಮುಕ್ಕಾಲು ಗಂಟೆ ಇದೆ, ಅಷ್ಟರಲ್ಲಿ ಒಂದು ದೂರು. ಹಬ್ಬದ ತಿನಿಸಿನಲ್ಲಿ ವಸ್ತು ಬಚ್ಚಿಡುವ ಪದ್ಧತಿ ಎಷ್ಟೋ ದೇಶಗಳಲ್ಲಿದೆ. ಎಲ್ಲರೂ ಅದನ್ನು ಅದೃಷ್ಟ ಎನ್ನುತ್ತಾರೆ. ಸ್ವಲ್ಪ ಕೆದಕಿ ನೋಡಿದರೆ ಅದು ಅದೃಷ್ಟವಲ್ಲ, ತೆರಬೇಕಾದ ಬಿಲ್. ಮೆಕ್ಸಿಕೋದ ಬಳೆಯಾಕಾರದ ಬ್ರೆಡ್ ರೋಸ್ಕಾ ದೆ ರೆಯೆಸ್‌ನಲ್ಲಿ ಶಿಶು ಯೇಸುವಿನ ಪುಟ್ಟ ಬೊಂಬೆ ಇರುತ್ತದೆ. ಅದು ಸಿಕ್ಕವರು ಫೆಬ್ರವರಿ 2ರ ಕಾಂದೆಲಾರಿಯಾ ದಿನ ಎಲ್ಲರಿಗೂ ತಮಾಲೆ ತಿನ್ನಿಸಬೇಕು. ತಮಾಲೆ ಎಂದರೆ ಮೆಕ್ಕೆಜೋಳದ ಹಿಟ್ಟನ್ನು ಅದರ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವುದು, ಅರ್ಧ ದಿನದ ಕೆಲಸ. ಸ್ಪೇನಿನ ಇಂಥದೇ ಬ್ರೆಡ್ ರೋಸ್ಕೋನ್‌ನಲ್ಲಿ ಬೊಂಬೆ, ಕಾಳು ಎರಡನ್ನೂ ಇಡುತ್ತಾರೆ. ಬೊಂಬೆ ಸಿಕ್ಕವನಿಗೆ ಕಿರೀಟ, ಒಣ ಕಾಳು ಸಿಕ್ಕವನು ರೋಸ್ಕೋನ್‌ನ ಹಣ ಕೊಡಬೇಕು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಜನವರಿ 6ರಿಂದ ಮಾರ್ಡಿ ಗ್ರಾ ಎಂಬ, ಉಪವಾಸ ಕಾಲದ ಹಿಂದಿನ ದಿನದ ಹಬ್ಬದ ತನಕ ಕಿಂಗ್ ಕೇಕ್ ಕಾಲ. ಬೊಂಬೆ ಸಿಕ್ಕವರು ಮುಂದಿನ ಕೇಕ್ ತರಬೇಕು, ಅದರೊಳಗಿನ ಬೊಂಬೆ ಸಿಕ್ಕವರು ಅದರ ಮುಂದಿನದನ್ನು. ಕಚೇರಿಗಳಲ್ಲಿ ಇದು ವಾರಗಟ್ಟಲೆ ನಡೆಯುತ್ತದೆ. ಈಗೀಗ ಗಂಟಲಿಗೆ ಸಿಕ್ಕೀತು ಎಂಬ ಭಯದಿಂದ ಅನೇಕ ಬೇಕರಿಯವರು ಬೊಂಬೆಯನ್ನು ಕೇಕಿನ ಪಕ್ಕದಲ್ಲಿಟ್ಟು, ನೀವೇ ಬಚ್ಚಿಟ್ಟುಕೊಳ್ಳಿ ಎಂದುಬಿಡುತ್ತಾರೆ. ಬಚ್ಚಿಟ್ಟವನಿಗೆ ಜಾಗ ಗೊತ್ತಿರುತ್ತದೆ, ಆಟ ಅಲ್ಲಿಗೇ ಮುಗಿಯಿತು.

ಇವೆಲ್ಲಕ್ಕಿಂತ ಕ್ರೂರ ಐರ್ಲೆಂಡಿನ ಬಾರ್ಮ್‌ಬ್ರಾಕ್. ಹ್ಯಾಲೋವೀನ್‌ಗೆ ಮಾಡುವ ಒಣದ್ರಾಕ್ಷಿಯ ಬ್ರೆಡ್. ಉಂಗುರ ಸಿಕ್ಕರೆ ಮದುವೆ, ನಾಣ್ಯ ಸಿಕ್ಕರೆ ಹಣ, ಚಿಂದಿ ಬಟ್ಟೆ ಸಿಕ್ಕರೆ ಬಡತನ. ಬ್ರೆಡ್ಡಿನಲ್ಲಿ ಚಿಂದಿ ಬಟ್ಟೆ! ಹಬ್ಬದ ದಿನ ನೆಂಟರನ್ನು ಕರೆದು, ಬ್ರೆಡ್ ಕೊಟ್ಟು, ನಿನಗೆ ದಾರಿದ್ರ್ಯ ಕಾದಿದೆ ಎಂದು ಬಾಯಿಗೇ ಬಟ್ಟೆ ತುರುಕುವುದು. ಆದರೂ ಒಪ್ಪಿಕೊಳ್ಳಬೇಕು, ಅವರು ಮಾತ್ರ ಪ್ರಾಮಾಣಿಕರು, ಬರೀ ಒಳ್ಳೆಯದನ್ನೇ ಭರವಸೆ ಕೊಡುವುದಿಲ್ಲ.

ಬೆಂದಿತು. ಬಣ್ಣ ನೋಡಿ. ತಣಿಯುವ ತನಕ ಕಾಯಿರಿ ಎಂದು ನಿಮಗೆ ಹೇಳುತ್ತೇನೆ, ನಾವು ಕಾಯಲಿಲ್ಲ.

ಮೇಜಿನ ಸುತ್ತ ಅಮ್ಮ, ಅಕ್ಕ, ಭಾವ, ನಾನು. ಮೇಜಿನ ಕೆಳಗೆ ಅಕ್ಕನ ಮಗ, ಹನ್ನೆರಡು ವರ್ಷ. ಇದು ತಮಾಷೆಗಲ್ಲ, ಫ್ರೆಂಚ್ ಮನೆಗಳಲ್ಲೂ ಹೀಗೆಯೇ. ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕುಳಿತು, ಈ ತುಂಡು ಯಾರಿಗೆ ಎಂದು ಕೇಳಿದಾಗ ಹೆಸರು ಕೂಗಬೇಕು. ಮೋಸ ಆಗಬಾರದೆಂದು. ಐದು ಜನ, ಆರು ತುಂಡು. ಆರನೆಯದು ಬಡವನ ಪಾಲು, ಅನಿರೀಕ್ಷಿತವಾಗಿ ಬಾಗಿಲು ತಟ್ಟುವವರಿಗೆ ಎಂದು ಹಿಂದೆ ಎತ್ತಿಡುತ್ತಿದ್ದರು. ಗ್ರೀಕರು ಹೊಸ ವರ್ಷಕ್ಕೆ ನಾಣ್ಯ ಹಾಕಿದ ವಸಿಲೋಪಿತ ಎಂಬ ಕೇಕ್ ಕತ್ತರಿಸುವಾಗ ಮೊದಲ ತುಂಡುಗಳನ್ನು ಕ್ರಿಸ್ತನಿಗೆ, ಮೇರಿಗೆ, ಸಂತ ಬೇಸಿಲ್‌ಗೆ, ಮನೆಗೆ ಎಂದು ತೆಗೆದಿಟ್ಟು, ಆಮೇಲೆ ಹಿರಿಯರಿಂದ ಕಿರಿಯರ ಕಡೆಗೆ ಬರುತ್ತಾರೆ. ಹುಡುಗನಿಗೆ ಫ್ರೆಂಚ್ ಕ್ರಮವೇ ಲಾಭ.

ಕತ್ತರಿಸುತ್ತಾ ನಾನು ಸುಮ್ಮನಿರಬಹುದಿತ್ತು. ಕ್ಯಾಮೆರಾ ಓಡುತ್ತಿದೆಯಲ್ಲ ಎಂದು ಡೆನ್ಮಾರ್ಕ್ ವಿಷಯ ಎತ್ತಿದೆ. ಅಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಅನ್ನ, ಕೆನೆ, ಚೂರು ಬಾದಾಮಿ ಕಲಸಿದ ಸಿಹಿಯ ಮೇಲೆ ಬಿಸಿ ಚೆರಿ ಸಾಸ್ ಸುರಿದು ತಿನ್ನುತ್ತಾರೆ. ಒಳಗೆ ಒಂದೇ ಒಂದು ಇಡೀ ಬಾದಾಮಿ ಇರುತ್ತದೆ, ಸಿಕ್ಕವರಿಗೆ ಉಡುಗೊರೆ. ಸಿಕ್ಕವನು ಕೂಡಲೇ ಹೇಳಬಾರದು, ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು, ಉಳಿದವರು ಹೊಟ್ಟೆ ಬಿರಿಯುವಂತೆ ಪಾತ್ರೆ ಖಾಲಿ ಮಾಡುವುದನ್ನು ನೋಡುತ್ತಾ ಕೂರಬೇಕು. ಇದು ನೀಚತನ ಎಂದು ವಿಡಿಯೋದಲ್ಲಿ ನಾನೇ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ.

ತಿಂದೆವು. ಐದು ತುಂಡೂ ಮುಗಿಯಿತು. ಬಾದಾಮಿ ಇಲ್ಲ.

ಅಕ್ಕ ಮೊದಲು ಹೇಳಿದ್ದು, "ನೀನು ಹಾಕಲೇ ಇಲ್ಲ." ಹಾಕಿದ್ದೇನೆ. "ಹಾಗಾದರೆ ತೋರಿಸು." ವಿಡಿಯೋ ಹಿಂದಕ್ಕೆ ಓಡಿಸಿದೆ. ಮೊಳೆ. ಮೊಳೆ ಎಷ್ಟು ಸ್ಪಷ್ಟವಾಗಿದೆ ಎಂದು ಮೊದಲೇ ಹೇಳಿದ್ದೆನಲ್ಲ. ಬಡವನ ಪಾಲನ್ನು ಎಳೆದುಕೊಂಡು ಪದರ ಪದರವಾಗಿ ಬಿಡಿಸಿದೆ. ಮೇಲಿನ ಹಾಳೆ, ಹೂರಣ, ಕೆಳಗಿನ ಹಾಳೆ. ಫೋರ್ಕಿನಿಂದ ಹೂರಣ ಕೆರೆದು ನೋಡಿದೆ. ತಟ್ಟೆಯ ತುಂಬ ಒದ್ದೆ ಪುಡಿ ಉಳಿಯಿತು, ಬಡವ ಬಂದಿದ್ದರೂ ಮುಟ್ಟುತ್ತಿರಲಿಲ್ಲ. ಓವನ್ ಟ್ರೇ ನೋಡಿದೆ, ಹಿಟ್ಟಿನ ಬಟ್ಟಲು ನೋಡಿದೆ, ಕೊನೆಗೆ ಕಸದ ಬುಟ್ಟಿಯನ್ನು ಹಳೆಯ ಪತ್ರಿಕೆಯ ಮೇಲೆ ಮಗುಚಿ ಮೊಟ್ಟೆ ಚಿಪ್ಪುಗಳ ನಡುವೆಯೂ ಹುಡುಕಿದೆ. ಭಾವ ಕೈಕಟ್ಟಿ ನಿಂತು, "ಇದು ಗಣರಾಜ್ಯದ ಗಲೆಟ್ ಇರಬೇಕು" ಎಂದರು. ಆ ಮಾತು ಅವರಿಗೆ ಸಿಕ್ಕಿದ್ದೂ ನನ್ನಿಂದಲೇ. ಫ್ರಾನ್ಸಿನ ಅಧ್ಯಕ್ಷರ ಎಲಿಸೀ ಅರಮನೆಗೂ ಪ್ರತಿ ಜನವರಿ ದೊಡ್ಡದೊಂದು ಗಲೆಟ್ ಬರುತ್ತದೆ, ಆದರೆ 1975ರಿಂದ ಅದರಲ್ಲಿ ಫೆವ್ ಇಡುವುದಿಲ್ಲ. ಗಣರಾಜ್ಯದ ಅರಮನೆಯಲ್ಲಿ ರಾಜ ಹೇಗೆ ಹುಟ್ಟಿಯಾನು?

ನನಗೆ ನಗು ಬರಲಿಲ್ಲ. ಅಮ್ಮ ನುಂಗಿಬಿಟ್ಟರೇ ಎಂಬ ಭಯ. ಜಪಾನಿನಲ್ಲಿ ಹೊಸ ವರ್ಷದ ಸೂಪಿನಲ್ಲಿ ಮೋಚಿ ಎಂಬ ಅಕ್ಕಿಯ ಅಂಟುಂಡೆ ಹಾಕುತ್ತಾರೆ. ಪ್ರತಿ ವರ್ಷ ಯಾರಾದರೂ ಹಿರಿಯರ ಗಂಟಲಿಗೆ ಅದು ಸಿಕ್ಕಿಕೊಳ್ಳುತ್ತದೆ. ಚಿಕ್ಕ ಚೂರು ಮಾಡಿ, ಚೆನ್ನಾಗಿ ಅಗಿದು ತಿನ್ನಿ ಎಂದು ಟೋಕಿಯೋದ ಅಗ್ನಿಶಾಮಕ ಇಲಾಖೆಯೇ ಎಚ್ಚರಿಸುತ್ತದೆ. ಅದನ್ನು ಓದಿದ ನೆನಪು ಬೇಡದ ಹೊತ್ತಿನಲ್ಲಿ ಬಂತು. ಅಮ್ಮನನ್ನು ಕೇಳಿದೆ. "ಹಲ್ಲಿಗೆ ಏನೂ ಸಿಗಲಿಲ್ಲ, ಸಕ್ಕರೆ ಮಾತ್ರ ಜಾಸ್ತಿಯಾಗಿದೆ" ಎಂದರು. ಮತ್ತೊಮ್ಮೆ ಕೇಳಿದೆ. ಮತ್ತೊಮ್ಮೆ ಸಕ್ಕರೆಯ ವಿಷಯವನ್ನೇ ಹೇಳಿದರು.

ರಾಜ ಸಿಗದ್ದರಿಂದ ಚಿನ್ನದ ಬಣ್ಣದ ಕಾಗದದ ಕಿರೀಟವನ್ನು ಹಿರಿಯರೆಂದು ಅಮ್ಮನ ತಲೆಗಿಟ್ಟೆವು. ನಿಯಮಕ್ಕೆ ವಿರುದ್ಧ, ಆದರೆ ಒಪ್ಪುತ್ತದೆ.

ಇಲ್ಲಿಯ ತನಕದ ನಿರೂಪಣೆಯನ್ನು ಮೊನ್ನೆಯೇ ಬರೆದಿದ್ದೆ. ನಿನ್ನೆ ಎಡಿಟ್ ಮಾಡುತ್ತಾ ಕುಳಿತಾಗ ಇದು ಕಂಡಿತು. ನಾನು ಕಸದ ಬುಟ್ಟಿ ಮಗುಚುತ್ತಿರುವ ಶಾಟ್. ನನ್ನನ್ನು ನೋಡಬೇಡಿ, ಎಡಮೂಲೆಯ ಕುರ್ಚಿ ನೋಡಿ. ಹುಡುಗ ಕೈಯನ್ನು ಗದ್ದಕ್ಕೆ ಕೊಟ್ಟು ಕುಳಿತಿದ್ದಾನೆ, ಬಲಕೆನ್ನೆ ಒಂದು ಚೂರು ಉಬ್ಬಿದೆ. ಸ್ವಲ್ಪ ಹಿಂದೆ ಹೋಗೋಣ. ಮೂರನೆಯ ತುತ್ತು, ದವಡೆ ನಿಂತಿತು, ಕಣ್ಣು ನನ್ನ ಕಡೆ ತಿರುಗಿತು, ಮತ್ತೆ ತಟ್ಟೆಗೆ. ಆಮೇಲೆ ಅವನು ಬಾಯಿ ತೆರೆದು ಮಾತಾಡಿಯೇ ಇಲ್ಲ. ನೀರು ಬೇಕೆಂದದ್ದೂ ಕೈಸನ್ನೆಯಲ್ಲೇ. ಇಪ್ಪತ್ತೆರಡು ನಿಮಿಷ, ಲೆಕ್ಕ ಹಾಕಿದ್ದೇನೆ.

ಫೋನ್ ಮಾಡಿದೆ. "ಡೆನ್ಮಾರ್ಕಿನ ನಿಯಮ ನೀವೇ ಹೇಳಿದ್ದಲ್ಲವೇ ಮಾಮ?" ಎಂದ. ಇದು ಫ್ರೆಂಚ್ ತಿನಿಸು ಎಂದೆ. ಬಾದಾಮಿ ಇಟ್ಟವರು ನೀವು, ಫ್ರೆಂಚ್ ಆಗಬೇಕಿದ್ದರೆ ಪಿಂಗಾಣಿ ಇಡಬೇಕಿತ್ತು ಎಂದ. ಉತ್ತರ ತೋಚಲಿಲ್ಲ. ಬಾದಾಮಿ ಎಲ್ಲಿ ಎಂದರೆ, ಮನೆಗೆ ಹೋಗುವ ದಾರಿಯಲ್ಲಿ ತಿಂದನಂತೆ. ನೀಚತನ ಎಂದಿದ್ದೆನಲ್ಲ, ಅದನ್ನೂ ಹಿಂತೆಗೆದುಕೊಳ್ಳುತ್ತಿದ್ದೇನೆ. ಬಚ್ಚಿಡುವ ಆಟಗಳಲ್ಲಿ ಡೆನ್ಮಾರ್ಕಿನದೇ ಸರಿಯಾದದ್ದು, ಇಲ್ಲಿ ಕಾಳಿನ ಜೊತೆಗೆ ಮನುಷ್ಯನೂ ಬಚ್ಚಿಟ್ಟುಕೊಳ್ಳುತ್ತಾನೆ.

ಈಗ ಉಡುಗೊರೆ ಕೇಳುತ್ತಿದ್ದಾನೆ. ಡೆನ್ಮಾರ್ಕಿನಲ್ಲಿ ಬಾದಾಮಿ ಸಿಕ್ಕವರಿಗೆ ಬಾದಾಮಿ-ಸಕ್ಕರೆಯ ಮಿಠಾಯಿ ಮಾರ್ಜಿಪಾನ್‌ನ ಹಂದಿಮರಿ ಕೊಡುವ ರೂಢಿ ಇದೆ ಎಂದು ಅವನೇ ಹುಡುಕಿ ತಿಳಿದುಕೊಂಡಿದ್ದಾನೆ. ಮುಂದಿನ ವಿಡಿಯೋದಲ್ಲಿ ಬಾದಾಮಿ ಪುಡಿ, ಸಕ್ಕರೆ, ಒಂದು ಹಂದಿ. ಕಿವಿ ಹೇಗೆ ಮಾಡುವುದು ಎಂದು ಗೊತ್ತಿದ್ದವರು ತಿಳಿಸಿ. ಕಿರೀಟವನ್ನೂ ಕೇಳಿದ, ಅದನ್ನು ಮಾತ್ರ ನೀನೇ ಅಜ್ಜಿಯ ಬಳಿ ಕೇಳಿಕೋ ಎಂದಿದ್ದೇನೆ. ಇದು ಕೊನೆಯ ಶಾಟ್, ಸಂಜೆ ಏಳು ಗಂಟೆ. ಅಮ್ಮ ಟಿವಿ ನೋಡುತ್ತಿದ್ದಾರೆ, ಕಿರೀಟ ಸ್ವಲ್ಪ ಓರೆಯಾಗಿದೆ, ತೆಗೆದಿಲ್ಲ. ಬ್ಯಾಟರಿ ಕೆಂಪು ತೋರಿಸು