ಕಡಲಿಲ್ಲದ ಪರಾಗ್ವೆ: ಒಂದು ಹೊಳೆಯನ್ನು ನಂಬಿ ಬದುಕಿದ ದೇಶ

[ತೆರೆಯ ಮೇಲೆ: ದಕ್ಷಿಣ ಅಮೆರಿಕದ ನಕ್ಷೆ. ಪರಾಗ್ವೆಗೆ ಮಾತ್ರ ಬಣ್ಣ.]

ನಮಸ್ಕಾರ. ದಕ್ಷಿಣ ಅಮೆರಿಕದಲ್ಲಿ ಕಡಲ ತೀರ ಇಲ್ಲದ ದೇಶಗಳು ಎರಡೇ. ಬೊಲಿವಿಯಾ ಮತ್ತು ಪರಾಗ್ವೆ. ಇವತ್ತು ಪರಾಗ್ವೆ ಬಗ್ಗೆ ಮಾತಾಡೋಣ. ನಮ್ಮಲ್ಲಿ ಫುಟ್‌ಬಾಲ್ ನೋಡುವವರನ್ನು ಬಿಟ್ಟರೆ ಈ ಹೆಸರು ಕೇಳಿದವರೇ ಕಡಿಮೆ. ಆದರೆ ಇದರ ಇತಿಹಾಸ ಓದಲು ಕೂತರೆ ಎದೆ ಭಾರವಾಗುತ್ತದೆ.

ಮೊದಲು ಅಳತೆ. ದೇಶದ ವಿಸ್ತೀರ್ಣ ಸುಮಾರು 4,06,750 ಚದರ ಕಿ.ಮೀ. ಕರ್ನಾಟಕದ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಜನ ಎಷ್ಟು? 2022ರ ಜನಗಣತಿ ಪ್ರಕಾರ ಬರೀ 61 ಲಕ್ಷ.

[ನಕ್ಷೆ ಹತ್ತಿರವಾಗುತ್ತದೆ. ಉತ್ತರದಿಂದ ದಕ್ಷಿಣಕ್ಕೆ ನೀಲಿ ಗೆರೆ.]

ಈ ನೀಲಿ ಗೆರೆ ನೋಡಿ. ಇದು ಪರಾಗ್ವೆ ನದಿ. ಬ್ರೆಜಿಲ್‌ನಲ್ಲಿ ಹುಟ್ಟಿ, ದೇಶವನ್ನು ಎರಡು ಹೋಳು ಮಾಡಿ ಕೆಳಗೆ ಇಳಿಯುತ್ತದೆ. ಪೂರ್ವದ ಹೋಳಿನಲ್ಲಿ ಕೆಂಪು ಮಣ್ಣು, ಒಳ್ಳೆ ಮಳೆ, ಹೊಲಗದ್ದೆ. ಹೆಚ್ಚುಕಡಿಮೆ ಎಲ್ಲ ಜನರೂ ಇಲ್ಲೇ ಇದ್ದಾರೆ. ಪಶ್ಚಿಮದ ಹೋಳಿಗೆ ಚಾಕೊ ಅಂತ ಹೆಸರು. ದೇಶದ ಅರ್ಧಕ್ಕಿಂತ ಹೆಚ್ಚು ನೆಲ ಅದೇ. ಆದರೆ ಅಲ್ಲಿ ಮುಳ್ಳುಕಾಡು, ಉರಿಬಿಸಿಲು, ಉಪ್ಪು ನೀರು. ನೂರು ಜನರಲ್ಲಿ ನಾಲ್ಕು ಜನವೂ ಅಲ್ಲಿ ವಾಸ ಮಾಡುವುದಿಲ್ಲ.

ರಾಜಧಾನಿ ಅಸುನ್ಸಿಯಾನ್ ಇದೇ ಹೊಳೆಯ ದಂಡೆಯಲ್ಲಿದೆ. 1537ರಲ್ಲಿ ಸ್ಪೇನ್‌ನವರು ಕಟ್ಟಿದ ಊರು. ಅಲ್ಲಿಂದ ದೋಣಿ ಬಿಟ್ಟರೆ ಕಡಲು ಸೇರಲು ಸಾವಿರದೈನೂರು ಕಿ.ಮೀ.ಗಿಂತ ಹೆಚ್ಚು ಸಾಗಬೇಕು. ಹೊಳೆ ಪರಾನಾ ನದಿಯನ್ನು ಸೇರಿ, ಅರ್ಜೆಂಟೀನಾ ಒಳಗೆ ಹರಿದು, ಬ್ಯೂನಸ್ ಐರಿಸ್ ಹತ್ತಿರ ಅಟ್ಲಾಂಟಿಕ್ ಕಡೆ ತೆರೆದುಕೊಳ್ಳುತ್ತದೆ. ಹಾಗಾಗಿ ಮನೆ ಪರಾಗ್ವೆಯದ್ದು, ಬಾಗಿಲ ಕೀಲಿ ಮಾತ್ರ ಪಕ್ಕದವರ ಕೈಲಿ. ಈ ದೇಶದ ಮುಕ್ಕಾಲು ಪಾಲು ಕಥೆ ಇಷ್ಟರಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ.

1811ರಲ್ಲಿ ಸ್ವಾತಂತ್ರ್ಯ ಬಂತು. ಬ್ಯೂನಸ್ ಐರಿಸ್‌ನವರು ಅದನ್ನು ಒಪ್ಪಲೇ ಇಲ್ಲ. ಹೊಳೆಯ ವ್ಯಾಪಾರಕ್ಕೆ ಅಡ್ಡಗಾಲು ಹಾಕಿದರು. ಆಗ ಅಧಿಕಾರದಲ್ಲಿದ್ದ ಹೋಸೆ ಗಾಸ್ಪರ್ ರೊಡ್ರಿಗೆಸ್ ದೆ ಫ್ರಾನ್ಸಿಯಾ ಏನು ಮಾಡಿದ ಗೊತ್ತಾ? ತಾನೇ ಗಡಿ ಮುಚ್ಚಿಬಿಟ್ಟ. 1840ರಲ್ಲಿ ಸಾಯುವವರೆಗೂ ಹೊರಗಿನವರು ಬರುವುದು, ಒಳಗಿನವರು ಹೋಗುವುದು ಎರಡೂ ಕಷ್ಟವೇ ಆಗಿತ್ತು. ಅವನ ನಂತರ ಬಂದ ಕಾರ್ಲೋಸ್ ಆಂತೋನಿಯೊ ಲೋಪೆಸ್ ಬಾಗಿಲು ತೆರೆದ. ಬ್ರಿಟಿಷ್ ಎಂಜಿನಿಯರುಗಳನ್ನು ಕರೆಸಿ ರೈಲು ಹಾಕಿಸಿದ. ಹಡಗುಕಟ್ಟೆ ಕಟ್ಟಿಸಿದ. ಇಬಿಕುಯಿ ಎಂಬಲ್ಲಿ ಕಬ್ಬಿಣ ಕರಗಿಸುವ ಕುಲುಮೆ ಹೂಡಿದ.

[ತೆರೆಯ ಮೇಲೆ: ಉಮೈತಾ ಚರ್ಚಿನ ಪಾಳುಗೋಡೆ.]

ಆಮೇಲೆ ಬಂದದ್ದು ಅವನ ಮಗ ಫ್ರಾನ್ಸಿಸ್ಕೊ ಸೊಲಾನೊ ಲೋಪೆಸ್. 1864ರಲ್ಲಿ ಬ್ರೆಜಿಲ್ ಉರುಗ್ವೆಯೊಳಗೆ ಸೈನ್ಯ ನುಗ್ಗಿಸಿತು. ಹೊಳೆಯ ಬಾಯಿ ಶತ್ರುಗಳ ಪಾಲಾದರೆ ನಾವು ಉಳಿಯುವುದಿಲ್ಲ ಅಂತ ಲೋಪೆಸ್ ಯುದ್ಧಕ್ಕೆ ಇಳಿದ. ಮರುವರ್ಷ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ ಮೂರೂ ಒಂದಾದವು. ಯುದ್ಧವೂ ಹೊಳೆಯ ಗುಂಟವೇ ನಡೆಯಿತು. 1865ರ ಜೂನ್‌ನಲ್ಲಿ ರಿಯಾಚುವೆಲೊ ಎಂಬಲ್ಲಿ ಪರಾಗ್ವೆಯ ನೌಕಾಪಡೆ ಪುಡಿಯಾಯಿತು. ಉಳಿದದ್ದು ಉಮೈತಾ ಕೋಟೆ. ಹೊಳೆ ತಿರುವು ತೆಗೆದುಕೊಳ್ಳುವ ಜಾಗ ಅದು. ದಂಡೆಯುದ್ದಕ್ಕೂ ಫಿರಂಗಿ, ನೀರಿಗೆ ಅಡ್ಡಲಾಗಿ ಕಬ್ಬಿಣದ ಸರಪಳಿ. 1868ರಲ್ಲಿ ಕೋಟೆ ಬಿತ್ತು. ಈಗ ತೆರೆಯ ಮೇಲೆ ನೋಡುತ್ತಿದ್ದೀರಲ್ಲ, ಆ ಚರ್ಚಿನ ಇಟ್ಟಿಗೆ ಗೋಡೆಗೆ ಗುಂಡೇಟು ಬಿದ್ದದ್ದು ಆಗಲೇ.

ಅಲ್ಲಿಗೂ ಮುಗಿಯಲಿಲ್ಲ. ಗಂಡಸರು ಮುಗಿದ ಮೇಲೆ ಮಕ್ಕಳನ್ನು ನಿಲ್ಲಿಸಿದರು. 1869ರ ಆಗಸ್ಟ್ 16ರಂದು ಅಕೋಸ್ತಾ ನ್ಯೂ ಎಂಬ ಬಯಲಿನಲ್ಲಿ ಬ್ರೆಜಿಲ್ ಸೈನ್ಯದ ಎದುರು ನಿಂತವರಲ್ಲಿ ಬಹಳಷ್ಟು ಮಂದಿ ಹುಡುಗರು. ಪರಾಗ್ವೆಯಲ್ಲಿ ಈಗಲೂ ಮಕ್ಕಳ ದಿನ ಅದೇ ತಾರೀಖಿಗೆ. ಮುಂದಿನ ಮಾರ್ಚ್ 1ರಂದು ಲೋಪೆಸ್ ಕೂಡ ಸತ್ತ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಅಳಿದರು ಅಂತ ಹಲವು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಯುದ್ಧಕ್ಕಿಂತ ಕಾಲರಾ, ಹಸಿವೆ ಕೊಂದದ್ದು ಜಾಸ್ತಿ. ಊರು, ಹೊಲ, ದನ ಎಲ್ಲವನ್ನೂ ಮತ್ತೆ ಎತ್ತಿ ನಿಲ್ಲಿಸಿದವರು ಹೆಂಗಸರು. ಸರಕಾರದ ಹತ್ತಿರ ದುಡ್ಡಿರಲಿಲ್ಲ. ನೆಲ ಮಾರಿತು. ಚಾಕೊದ ಕಾಡು ಹೊರಗಿನ ಕಂಪನಿಗಳ ಪಾಲಾಯಿತು. ಅಲ್ಲಿನ ಕೆಬ್ರಾಚೊ ಮರದಿಂದ ಚರ್ಮ ಹದ ಮಾಡುವ ಟ್ಯಾನಿನ್ ತೆಗೆದು ಸಾಗಿಸಿದರು.

ಅದೇ ಚಾಕೊಗಾಗಿ 1932ರಿಂದ 1935ರವರೆಗೆ ಬೊಲಿವಿಯಾ ಜೊತೆ ಇನ್ನೊಂದು ಯುದ್ಧ. ಬೊಲಿವಿಯಾ ಚಿಲಿ ಎದುರು ಸೋತು ತನ್ನ ಕಡಲ ತೀರ ಕಳೆದುಕೊಂಡಿತ್ತು. ಅದಕ್ಕೂ ಈ ಹೊಳೆಯ ದಾರಿ ಬೇಕಿತ್ತು. ಎಣ್ಣೆ ಸಿಗಬಹುದೆಂಬ ಆಸೆ ಬೇರೆ. ಒಂದೊಂದು ಬಾವಿಗಾಗಿ ಬಡಿದಾಡಿದರು. ಎಷ್ಟೋ ಸೈನಿಕರು ನೀರಿಲ್ಲದೆ ಸತ್ತರು. ಪರಾಗ್ವೆ ಗೆದ್ದಿತು. ಚಾಕೊದ ಬಹುಪಾಲು ಉಳಿಯಿತು.

1954ರಿಂದ 1989ರವರೆಗೆ ಜನರಲ್ ಸ್ಟ್ರೋಸ್ನರ್‌ನ ಸರ್ವಾಧಿಕಾರ. ಎದುರು ಮಾತಾಡಿದವರಿಗೆ ಜೈಲು, ಚಿತ್ರಹಿಂಸೆ. ಅವನನ್ನು ಇಳಿಸಿದ ಮೇಲೆ, 1992ರಲ್ಲಿ ಹೊಸ ಸಂವಿಧಾನ ಬಂತು. ಸ್ಪ್ಯಾನಿಷ್ ಜೊತೆಗೆ ಗ್ವಾರನಿಯೂ ಅಧಿಕೃತ ಭಾಷೆಯಾಯಿತು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಮೂಲನಿವಾಸಿಗಳ ಭಾಷೆಯನ್ನು ಅವರಲ್ಲದ ಜನರೂ ಮನೆಯಲ್ಲಿ, ಸಂತೆಯಲ್ಲಿ, ಜಗಳದಲ್ಲಿ ಆಡುತ್ತಾರೆ. ಅಮೆರಿಕ ಖಂಡಗಳಲ್ಲಿ ಇಂಥದ್ದು ತೀರಾ ಅಪರೂಪ.

[ತೆರೆಯ ಮೇಲೆ: ಇಟೈಪು ಅಣೆಕಟ್ಟು.]

ಈಗ ದುಡ್ಡಿನ ಮಾತು. ಸೋಯಾ, ದನದ ಮಾಂಸ, ಕರೆಂಟು. ಪರಾಗ್ವೆ ಮುಖ್ಯವಾಗಿ ಮಾರುವುದು ಈ ಮೂರನ್ನು. ಕರೆಂಟಿನ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು.

ಪೂರ್ವದ ಗಡಿಯಲ್ಲಿ ಪರಾನಾ ನದಿಗೆ ಬ್ರೆಜಿಲ್ ಜೊತೆ ಸೇರಿ ಕಟ್ಟಿದ್ದು ಇಟೈಪು. 1973ರಲ್ಲಿ ಒಪ್ಪಂದ, 1984ರಲ್ಲಿ ಮೊದಲ ವಿದ್ಯುತ್. ಇಪ್ಪತ್ತು ಯಂತ್ರ, ಒಂದೊಂದೂ 700 ಮೆಗಾವ್ಯಾಟ್. ಒಟ್ಟು 14,000. ಇದಕ್ಕಾಗಿ ಗ್ವಾಯಿರಾ ಎಂಬ ಭಾರಿ ಜಲಪಾತವೇ 1982ರಲ್ಲಿ ಮುಳುಗಿಹೋಯಿತು. ಯಂತ್ರಗಳಲ್ಲಿ ಹತ್ತು 50 ಹರ್ಟ್ಸ್‌ನವು, ಹತ್ತು 60ರವು. ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಹೋಗಿ ಬರುತ್ತದೆ ಅನ್ನುವ ಲೆಕ್ಕ. ಯಾಕೆ? ಪರಾಗ್ವೆಯಲ್ಲಿ ನಮ್ಮ ಹಾಗೆ 50, ಬ್ರೆಜಿಲ್‌ನಲ್ಲಿ 60. ಒಟ್ಟು ಕರೆಂಟಿನಲ್ಲಿ ಅರ್ಧ ಪರಾಗ್ವೆಯ ಪಾಲು. ಆದರೆ ಅದಕ್ಕೆ ಅಷ್ಟೂ ಬೇಕಾಗಿರಲಿಲ್ಲ. ಉಳಿದದ್ದನ್ನು ಬ್ರೆಜಿಲ್‌ಗೆ ಕಳಿಸಬೇಕಲ್ವಾ? 50 ಹರ್ಟ್ಸ್ ಕರೆಂಟನ್ನು ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು ಮಾಡಿ, ನೂರಾರು ಕಿ.ಮೀ. ತಂತಿಯಲ್ಲಿ ಸಾವೊ ಪೌಲೊ ಕಡೆಗೆ ಒಯ್ದು, ಅಲ್ಲಿ 60 ಹರ್ಟ್ಸ್‌ಗೆ ಬದಲಾಯಿಸುತ್ತಾರೆ.

ಎಂಜಿನಿಯರಿಂಗ್ ಅದ್ಭುತ. ಒಪ್ಪಂದ ಮಾತ್ರ ಪರಾಗ್ವೆಯ ಜನರಿಗೆ ನುಂಗಲಾರದ ತುತ್ತು. ಉಳಿದ ಕರೆಂಟನ್ನು ಬ್ರೆಜಿಲ್‌ಗೆ ಬಿಟ್ಟು ಬೇರೆಯವರಿಗೆ ಮಾರುವಂತಿರಲಿಲ್ಲ. ಸಿಗುತ್ತಿದ್ದ ಪರಿಹಾರವೂ ಕಡಿಮೆ. 2009ರಲ್ಲಿ ಹಟ ಹಿಡಿದು ಮಾತಾಡಿ ಅದನ್ನು ವರ್ಷಕ್ಕೆ 12 ಕೋಟಿ ಡಾಲರ್‌ನಿಂದ 36 ಕೋಟಿಗೆ ಏರಿಸಿಕೊಂಡರು. ಅಣೆಕಟ್ಟಿನ ಸಾಲ 2023ರಲ್ಲಿ ತೀರಿತು. ದರದ ಷರತ್ತುಗಳನ್ನು ಮತ್ತೆ ಬರೆಯುವ ಕಾಲ ಬಂತು. ಇನ್ನೊಂದು ಕಡೆ, ಇಷ್ಟೆಲ್ಲ ಕರೆಂಟು ಇರುವ ದೇಶದಲ್ಲಿ ಸೌದೆ, ಇದ್ದಿಲು ಉರಿಸಿ ಅಡುಗೆ ಮಾಡುವ ಮನೆಗಳು ಈಗಲೂ ಲಕ್ಷಗಟ್ಟಲೆ ಇವೆ. ನನಗೆ ಇದು ತುಂಬಾ ನೋವಿನ ಸಂಗತಿ.

ಸೋಯಾ ಬೆಳೆಗೆ ಪೂರ್ವದ ಕಾಡು ಬಲಿಯಾಯಿತು. 2004ರಲ್ಲಿ ಅಲ್ಲಿ ಕಾಡು ಕಡಿಯುವುದನ್ನು ಕಾನೂನು ತಂದು ತಡೆದರು. ಆಮೇಲೆ ಗರಗಸ ಚಾಕೊ ಕಡೆ ತಿರುಗಿತು. ಅಲ್ಲಿ ದನ ಮೇಯಿಸಲು ಕಾಡು ಬಯಲಾಗುತ್ತಿದೆ.

[ತೆರೆಯ ಮೇಲೆ: ಒಂದಕ್ಕೊಂದು ಕಟ್ಟಿದ ಬಾರ್ಜ್‌ಗಳ ಸಾಲು.]

ಬೆಳೆದ ಸೋಯಾ ಹೋಗುವುದು ಹೇಗೆ? ಮತ್ತೆ ಅದೇ ಹೊಳೆ. ಚಪ್ಪಟೆ ತಳದ ಬಾರ್ಜ್‌ಗಳನ್ನು ಒಂದಕ್ಕೊಂದು ಬಿಗಿದು, ಹಿಂದಿನಿಂದ ಒಂದೇ ಹಡಗು ನೂಕುತ್ತದೆ. ನೀರು ಇಳಿದರೆ ಅರ್ಧ ಹೊರೆ ಮಾತ್ರ ಹಾಕಬೇಕು. 2021ರಲ್ಲಿ ಹಾಗೇ ಆಯಿತು. 2024ರಲ್ಲಿ ಅಸುನ್ಸಿಯಾನ್‌ನ ಅಳತೆಗೋಲಿನಲ್ಲಿ ನೀರು ಸೊನ್ನೆಗಿಂತ ಕೆಳಗೆ ಹೋಗಿ ದಾಖಲೆ ಬರೆಯಿತು. ಸೊನ್ನೆ ಅಂದರೆ ನೀರೇ ಇಲ್ಲ ಅಂತಲ್ಲ, ಅಳತೆಗೆ ಗೊತ್ತುಮಾಡಿದ ಮಟ್ಟ. ಇದರ ನಡುವೆ, 2023ರಿಂದ ಅರ್ಜೆಂಟೀನಾ ತನ್ನ ಕಡೆಯ ಹೊಳೆಯಲ್ಲಿ ಟನ್ನಿಗೆ 1.47 ಡಾಲರ್ ಸುಂಕ ಹಾಕಿತು. ಪರಾಗ್ವೆ ಸಿಡಿದೆದ್ದಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಹೊಳೆ ಬಿಟ್ಟು ಬೇರೆ ದಾರಿ ಇಲ್ವಾ ಅಂದರೆ, ಒಂದು ರೆಡಿಯಾಗುತ್ತಿದೆ. ಬ್ರೆಜಿಲ್‌ನಿಂದ ಚಾಕೊ ಸೀಳಿಕೊಂಡು ಚಿಲಿಯ ಬಂದರುಗಳವರೆಗೆ ಹೆದ್ದಾರಿ. ಅದಕ್ಕಾಗಿ ಕಾರ್ಮೆಲೊ ಪೆರಾಲ್ತಾ ಎಂಬ ಊರಿನಲ್ಲಿ ಪರಾಗ್ವೆ ನದಿಗೆ ಸೇತುವೆ ಕಟ್ಟಲು ಕೈಹಾಕಿದರು. ಆದರೆ ನಕ್ಷೆಯಲ್ಲಿ ಈ ರಸ್ತೆಯನ್ನು ಬೆರಳಿಟ್ಟು ಹಿಂಬಾಲಿಸಿ ನೋಡಿ. ಚಿಲಿ ತಲುಪುವ ಮೊದಲು ಅದೂ ಅರ್ಜೆಂಟೀನಾವನ್ನು ದಾಟಲೇಬೇಕು.