ದುಡ್ಡು ಯಾವ ಊರಿನ ಪೆಟ್ಟಿಗೆಗೆ ಬಿತ್ತು?

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ಪರಿಚಯ ಮಾಡುವಾಗ ನನ್ನನ್ನು "ವನ್ಯಜೀವಿ ತಜ್ಞರು" ಅಂದುಬಿಟ್ಟರು. ಮೊದಲು ಅದನ್ನು ತಿದ್ದಿಬಿಡುತ್ತೇನೆ. ನಾನು ಬ್ಯಾಂಕಿನಲ್ಲಿ 31 ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವನು. ಈ ಹಾವೇರಿಯ ಅರ್ಧ ಜನ ನನ್ನ ಮುಖ ನೋಡಿದ್ದೇ ಆ ಗಾಜಿನ ಕಿಂಡಿಯೊಳಗಿಂದ. ಹುಲಿಗೂ ಚಿರತೆಗೂ ವ್ಯತ್ಯಾಸ ಗೊತ್ತು, ಅಷ್ಟೆ. ಆದರೆ ಏನು ನೋಡಿದರೂ ಕ್ಯಾಷಿಯರ್ ತಲೆಗೆ ಮೊದಲು ಬರುವ ಪ್ರಶ್ನೆ ಒಂದೇ: ಈ ದುಡ್ಡು ಯಾವ ಖಾತೆಗೆ ಜಮಾ? ಇವತ್ತಿನ ಮಾತು ಪೂರ್ತಿ ಅದರ ಮೇಲೆಯೇ. ಆಹ್ವಾನ ಪತ್ರಿಕೆಯಲ್ಲಿ "ಆಫ್ರಿಕಾ ಪ್ರವಾಸದ ರೋಚಕ ಅನುಭವ" ಅಂತ ಹಾಕಿದ್ದಾರೆ. ರೋಚಕಕ್ಕೆ ಬಂದವರಿಗೆ ಸಿಂಹದ ಕಥೆ ಕೊನೆಗೆ ಹೇಳುತ್ತೇನೆ, ಎದ್ದು ಹೋಗಬೇಡಿ.

ಮಗಳು ಅಳಿಯ ಜಾಂಬಿಯಾ ದೇಶದ ಲುಸಾಕಾದಲ್ಲಿದ್ದಾರೆ. ನಮ್ಮ ಮದುವೆಗೆ 35 ವರ್ಷ ಆಯಿತು ಅಂತ ಅಕ್ಟೋಬರ್ ಕೊನೆಯಲ್ಲಿ ನಮ್ಮನ್ನು ಕರೆಸಿಕೊಂಡು, ನಾಲ್ಕು ರಾತ್ರಿ ಲುವಾಂಗ್ವಾ ಹೊಳೆಯ ದಂಡೆಯ ಮೇಲಿನ ಒಂದು ಲಾಡ್ಜಿಗೆ ಕಳಿಸಿದರು. ಲಾಡ್ಜ್ ಅಂದರೆ ನಮ್ಮ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜ್ ಅಲ್ಲ. ಫೋಟೋ ಗ್ರೂಪಿಗೆ ಹಾಕಿದ ದಿನದಿಂದ ಎಲ್ಲರದೂ ಒಂದೇ ಪ್ರಶ್ನೆ: ರೇಟ್ ಎಷ್ಟು? ಸುಮ್ನೆ ಮುಚ್ಚಿಡುವುದಿಲ್ಲ. ನಮ್ಮಿಬ್ಬರ ಒಂದು ರಾತ್ರಿಯ ಖರ್ಚು ನನ್ನ ಎರಡು ತಿಂಗಳ ಪೆನ್ಷನ್. ಅಳಿಯನ ದುಡ್ಡು ಆದ್ದರಿಂದ ನಿದ್ದೆ ಬಂತು.

ಅಲ್ಲ, ನಿದ್ದೆ ಬಂತು ಅನ್ನುವುದು ಪೂರ್ತಿ ನಿಜವಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮಗೆ ಕೊಟ್ಟ ಕೋಣೆ ಹೊಳೆಗೆ ಮುಖ ಮಾಡಿತ್ತು. ಮೇಲೆ ಹುಲ್ಲಿನ ಚಾವಣಿ. ಗೋಡೆ ಅಂದರೆ ದಪ್ಪ ಕ್ಯಾನ್ವಾಸ್ ಬಟ್ಟೆ. ಕಿಟಕಿಗೆ ಗಾಜಿಲ್ಲ, ಸೊಳ್ಳೆ ಜಾಲರಿ. ಒಳಗೆ ಮಾತ್ರ ಮಹಾರಾಜರ ಮಂಚ, ಹೊಳೆ ನೋಡುತ್ತಾ ಕೂರುವ ಸ್ನಾನದ ತೊಟ್ಟಿ. ಕತ್ತಲಾದ ಮೇಲೆ ಒಬ್ಬರೇ ಹೊರಗೆ ಕಾಲಿಡುವಂತಿಲ್ಲ. ಊಟಕ್ಕೆ ಕರೆಯಲು ಕಾವಲುಗಾರ ಟಾರ್ಚ್ ಹಿಡಿದು ಬರುತ್ತಾನೆ, ಊಟ ಆದ ಮೇಲೆ ತಂದು ಬಿಡುತ್ತಾನೆ. ಯಾಕಪ್ಪಾ ಅಂದರೆ ಲಾಡ್ಜಿಗೆ ಬೇಲಿ ಇಲ್ಲ. ಕಾಂಪೌಂಡ್ ಇಲ್ಲ, ಗೇಟ್ ಇಲ್ಲ. ನಮ್ಮ ಹೆಂಡತಿ ಮೊದಲು ಕೇಳಿದ್ದೇ ಇದು: "ಇಷ್ಟು ರೊಕ್ಕ ತಗೊಂಡು ಒಂದು ಗೇಟ್ ಹಾಕಿಸಾಕ ಆಗಿಲ್ಲೇನ್ರಿ ಇವರಿಗೆ?"

ರಾತ್ರಿ ಎರಡರ ಸುಮಾರು. ಎಚ್ಚರ ಆಯಿತು. ತಲೆದಿಂಬಿನ ಪಕ್ಕದಲ್ಲೇ, ಬಟ್ಟೆಯ ಆಚೆ, ಏನೋ ಸದ್ದು. ಪರ್‍ರ್... ಪರ್‍ರ್... ನಡುವೆ ದೊಡ್ಡ ಉಸಿರು. ಮತ್ತೆ ಪರ್‍ರ್. ಒಂದೇ ಲಯ. ನಾನು ಹೊದಿಕೆ ಗಂಟಲವರೆಗೆ ಎಳೆದುಕೊಂಡು ಕಲ್ಲಾಗಿ ಮಲಗಿದೆ. ಆಗ ನಮ್ಮಾಕೆ ಅರೆನಿದ್ದೆಯಲ್ಲಿ, ಕಣ್ಣು ಕೂಡ ಬಿಡದೆ, ಜೋರಾಗಿ ಅಂದಳು: "ರೀ, ಆಕಳ ಹಗ್ಗ ಬಿಚ್ಚಿಕೊಂಡೈತಿ. ಕಣಿಕಿ ತಿನ್ನಾಕ ಹತ್ತೈತಿ. ಎದ್ದು ಕಟ್ಟಿ ಬರ್‍ರಿ."

ನಗಬೇಡಿ. ಆಕೆ ಹುಟ್ಟಿ ಬೆಳೆದದ್ದು ಹಾನಗಲ್ ಕಡೆ ಹಳ್ಳಿಯಲ್ಲಿ, ತವರುಮನೆಯಲ್ಲಿ ಹಿತ್ತಲಿಗೇ ದನದ ಕೊಟ್ಟಿಗೆ. ಸದ್ದು ಸರಿಯಾಗಿಯೇ ಗುರುತು ಹಿಡಿದಿದ್ದಳು. ಪ್ರಾಣಿ ಮಾತ್ರ ಬೇರೆ. ಜಾಲರಿಯಿಂದ ಇಣುಕಿದರೆ, ಮೂರು ಮಾರು ದೂರದಲ್ಲಿ ಒಂದು ಕರಿ ಬಂಡೆ. ಬಂಡೆ ಹುಲ್ಲು ಮೇಯುತ್ತಿದೆ. ನೀರಾನೆ! ಒಂದೂವರೆ ಟನ್ ತೂಕದ ಪ್ರಾಣಿ, ಮೊಳದಗಲದ ತುಟಿ, ಆ ತುಟಿಯಿಂದಲೇ ಹುಲ್ಲು ಹಿಡಿದು ಕೀಳುತ್ತದೆ. ಆ ಪರ್‍ರ್ ಅದೇ. ಹಗಲೆಲ್ಲ ನೀರಿನಲ್ಲಿ ಬಿದ್ದಿರುತ್ತದೆ, ಬಿಸಿಲಿಗೆ ಅದರ ಚರ್ಮ ತಡೆಯುವುದಿಲ್ಲ. ರಾತ್ರಿ ಎದ್ದು ಬಂದು 40 ಕೆಜಿಯಷ್ಟು ಹುಲ್ಲು ತಿಂದು ಹೋಗುತ್ತದೆ. ಅಕ್ಟೋಬರ್ ಅಲ್ಲಿ ಕಡು ಬೇಸಿಗೆ, 40 ಡಿಗ್ರಿ ದಾಟುತ್ತದೆ, ಕಾಡೆಲ್ಲ ಒಣಗಿ ಬೂದಿ ಬಣ್ಣ. ಸುತ್ತಮುತ್ತ ಹಸಿರು ಅಂತ ಉಳಿದಿದ್ದು ಲಾಡ್ಜಿನವರು ನೀರು ಬಿಟ್ಟು ಬೆಳೆಸಿದ ಆ ಲಾನ್ ಒಂದೇ. ಬರದೆ ಇರುತ್ತದಾ?

ನಾನು ಮೆಲ್ಲಗೆ, "ಆಕಳಲ್ಲ, ನೀರಾನೆ" ಅಂದೆ. ಆಕೆ, "ಯಾವುದಾದರೂ ಇರಲಿ, ಕಟ್ರಿ" ಅಂತ ಮಗ್ಗುಲು ಬದಲಿಸಿದಳು. ನಾನು ಬೆಳಗಿನ ಜಾವದವರೆಗೂ ಕೂತೆ. ಬೆಳಿಗ್ಗೆ ನೋಡಿದರೆ ಕಟ್ಟಿಗೆ ಮೆಟ್ಟಿಲ ಪಕ್ಕ ನಾಲ್ಕು ಬೆರಳಿನ ಹೆಜ್ಜೆ, ಒಂದೊಂದೂ ನಮ್ಮ ಊಟದ ತಟ್ಟೆಯಷ್ಟು. ಕಾವಲುಗಾರನಿಗೆ ತೋರಿಸಿದೆ. ಆತ ಹಲ್ಲು ಬಿಟ್ಟು, "ಓ ಅದಾ, ದಿನಾ ಬರುತ್ತದೆ" ಅಂದ. ನಮ್ಮ ಓಣಿಯ ಹಂದಿ ಬಗ್ಗೆ ನಾವು ಹೇಳಿದ ಹಾಗೆ.

ಈ ಕಥೆ ಇಷ್ಟು ಉದ್ದ ಹೇಳಬಾರದಿತ್ತು. ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಬೆಳೆದುಬಿಟ್ಟಿದೆ.

ಮರುದಿನ ಸಫಾರಿ ಜೀಪಿನಲ್ಲಿ ಗೈಡಿಗೆ ಕೇಳಿದೆ. ನನ್ನ ಚಟ ಹೇಳಿದೆನಲ್ಲ. "ನಾವು ಕೊಟ್ಟ ಇಷ್ಟು ದುಡ್ಡಿನಲ್ಲಿ ಈ ಊರಿಗೆ ಎಷ್ಟು ಬೀಳುತ್ತದೆ?" ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಬ್ಬ ಮುಖಂಡನ ಕಥೆ ಶುರು ಮಾಡಿದ.

1950ನೇ ಇಸವಿ. ಆಗ ಜಾಂಬಿಯಾ ಇರಲಿಲ್ಲ, ಬ್ರಿಟಿಷರ ಉತ್ತರ ರೊಡೇಷಿಯಾ. ಸ್ವಾತಂತ್ರ್ಯ ಬಂದದ್ದು 1964ರ ಅಕ್ಟೋಬರ್ 24ಕ್ಕೆ. ಈ ಕಣಿವೆಯಲ್ಲಿ ಕುಂಡಾ ಜನ. ಅವರ ಒಬ್ಬ ಮುಖಂಡ ನ್ಸೆಫು. ನಾರ್ಮನ್ ಕಾರ್ ಅಂತ ಒಬ್ಬ ಬಿಳಿಯ ಅಧಿಕಾರಿ ಇದ್ದ. ಆತನ ಮೊದಲ ಕೆಲಸ ಏನು ಗೊತ್ತಾ? ಹೊಲಕ್ಕೆ ನುಗ್ಗುವ ಆನೆಗಳನ್ನು ಗುಂಡಿಟ್ಟು ಕೊಲ್ಲುವುದು. ಅಂಥವನು ನ್ಸೆಫು ಹತ್ತಿರ ಹೋಗಿ, ಬಂದೂಕು ಹಿಡಿದು ಬರುವವರ ಬದಲು ಕ್ಯಾಮೆರಾ ಹಿಡಿದು ಬರುವವರಿಗೆ ನಿಮ್ಮ ನೆಲದಲ್ಲಿ ಒಂದು ಶಿಬಿರ ಕಟ್ಟೋಣ, ಬಂದ ದುಡ್ಡು ನಿಮ್ಮ ಜನರ ಖಜಾನೆಗೆ ಹೋಗಲಿ ಅಂದ. ನ್ಸೆಫು ಒಪ್ಪಿದ. ನಾಲ್ಕಾರು ದುಂಡನೆಯ ಗುಡಿಸಲು ಎದ್ದವು. ಆ ದೇಶದಲ್ಲಿ ಪ್ರವಾಸಿಗರಿಗೆ ಅಂತ ಆದ ಮೊದಲ ಶಿಬಿರವೇ ಅದು. ಕಾಡಿನಲ್ಲಿ ಕಾಲ್ನಡಿಗೆಯ ಸಫಾರಿ ಶುರು ಮಾಡಿದವನೂ ಇದೇ ಕಾರ್. ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನ ಅಂತ ಹೆಸರು ಬಂದದ್ದು ಅದಾದ ಮೇಲೆ, 1972ರಲ್ಲಿ. ಇವತ್ತು ಅದರ ವಿಸ್ತಾರ 9,050 ಚದರ ಕಿಲೋಮೀಟರ್. ನಮ್ಮ ಬಂಡೀಪುರ, ನಾಗರಹೊಳೆ ಎರಡೂ ಸೇರಿದರೆ ಎರಡು ಸಾವಿರ ಮುಟ್ಟುವುದಿಲ್ಲ.

ನೋಡಿ, ನಾರ್ಮನ್ ಕಾರ್ ಹೆಸರು ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡವನಾಗಿ ಕಂಡದ್ದು ನ್ಸೆಫು. ಪಾಸ್‌ಬುಕ್ ಯಾರ ಹೆಸರಿನಲ್ಲಿರಬೇಕು ಅನ್ನುವುದನ್ನು ಮೊದಲೇ ಇತ್ಯರ್ಥ ಮಾಡಿಕೊಂಡ ಮನುಷ್ಯ ಅವನು.

ಈಗಿನ ಲೆಕ್ಕ ಅಷ್ಟು ಸರಳ ಇಲ್ಲ. ಗೈಡೇ ಹೇಳಿದ. ಲಾಡ್ಜಿನ ಮಾಲೀಕರು ಆ ಊರಿನವರಲ್ಲ. ಬುಕಿಂಗ್ ಏಜೆಂಟ್ ಇನ್ಯಾವುದೋ ದೇಶದಲ್ಲಿ. ವಿಮಾನದ ದುಡ್ಡು ವಿಮಾನದವರಿಗೆ. ಮೇಜಿನ ಮೇಲಿನ ವೈನ್ ದಕ್ಷಿಣ ಆಫ್ರಿಕಾದ್ದು. ನಮ್ಮಾಕೆ ಬಟ್ಟೆ ಒಗೆಯಲು ಉಪಯೋಗಿಸಿದ ಆ ಸ್ನಾನದ ತೊಟ್ಟಿ ಎಲ್ಲಿಯದೋ. ಊರಿಗೆ ಬೀಳುವುದು ಅಡುಗೆಯವರ, ಕಾವಲುಗಾರರ, ಗೈಡುಗಳ ಸಂಬಳ, ಟಿಪ್ಸ್ ಡಬ್ಬಿ, ತರಕಾರಿ ಮಾರುವವರ ಚಿಲ್ಲರೆ. "ಆದರೆ ನನ್ನ ಸಂಬಳದಲ್ಲಿ ಒಂಬತ್ತು ಜನ ಉಣ್ಣುತ್ತಾರೆ" ಅಂದ. ಅದೂ ಲೆಕ್ಕವೇ, ಅಲ್ವಾ? ನಾನು ಡೈರಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು ಅಂತ ಗೆರೆ ಹಾಕಿದೆ. ನಾಲ್ಕು ದಿನವೂ ತಾಳೆ ಆಗಲಿಲ್ಲ.

ಖರ್ಚಿನ ಕಡೆ ಏನಿದೆ ಅಂದರೆ, ಆನೆ ಇದೆ. ಉದ್ಯಾನದ ಹೊರಗೆ, ಹೊಳೆಯ ಈಚೆ ದಂಡೆಯಲ್ಲಿ, ಹಳ್ಳಿಗಳು. ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಆನೆ ಹೊಳೆ ದಾಟಿ ಬರುತ್ತವೆ. ನಾವು ಫೋಟೋ ತೆಗೆದು "ವಾವ್" ಅನ್ನುವ ಆನೆಯೇ ರಾತ್ರಿ ಅವರ ವರ್ಷದ ಊಟ ತಿನ್ನುತ್ತದೆ. ರಾಣೆಬೆನ್ನೂರು ಕಡೆಯವರು ಇಲ್ಲಿ ಕೂತಿದ್ದೀರಿ, ಹೊಲಕ್ಕೆ ಕೃಷ್ಣಮೃಗ ಬಿದ್ದರೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಚೆಂದದ ಪ್ರಾಣಿ. ನಮ್ಮ ಹೊಲದಲ್ಲಿ ಇಲ್ಲದಿದ್ದರೆ ಇನ್ನೂ ಚೆಂದ.

ಅಲ್ಲಿ ಆನೆ ಓಡಿಸಲು ಮೆಣಸಿನಕಾಯಿ ಬಳಸುತ್ತಾರೆ. ಪಿಂಗ್‌ಪಾಂಗ್ ಚೆಂಡಿನೊಳಗೆ ಖಾರ ತುಂಬಿ, ಒಂದು ಕೊಳವೆಯಿಂದ ಆನೆಯ ಮೇಲೆ ಹೊಡೆಯುವುದು. ಖಾರದ ಘಾಟಿಗೆ ಆನೆ ತಿರುಗಿ ಹೋಗುತ್ತದೆ. ನಾನು ಎದೆ ಉಬ್ಬಿಸಿ, "ನಮ್ಮ ಜಿಲ್ಲೆಯಲ್ಲೇ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಇದೆ, ಕಳಿಸಿಕೊಡಲಾ?" ಅಂದೆ. ಆಮೇಲೆ ನೆನಪಾಯಿತು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆನೆ ಕೆಂಪಗಾಗಿ ಅಲ್ಲೇ ನಿಂತೀತು. ಗುಂಟೂರಿನದೇ ಬೇಕು.

ಊಟದ ವಿಷಯ. ನಾವು ಶಾಕಾಹಾರಿ ಅಂದಿದ್ದಕ್ಕೆ ಲಾಡ್ಜಿನವರು ಎರಡು ದಿನ ಪಾಸ್ತಾ ಕೊಟ್ಟರು. ಬಿಳಿ ಬಟ್ಟೆ, ಮೂರು ಚಮಚ, ಮೇಣದ ಬತ್ತಿ, ಪಾಸ್ತಾ. ಮೂರನೇ ದಿನ ನಮ್ಮಾಕೆ ಅಡುಗೆಮನೆಗೇ ಹೋಗಿ, ನೀವು ಏನು ಉಣ್ಣುತ್ತೀರೋ ಅದನ್ನೇ ಹಾಕಿ ಅಂತ ಕೈಸನ್ನೆ ಮಾಡಿದಳು. ಬಂದದ್ದು ನ್ಶಿಮಾ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಗಟ್ಟಿ ಮಾಡಿದ್ದು. ನಮ್ಮ ಸಂಗಟಿಯೇ! ಕೈಯಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ, ಅದರಲ್ಲಿ ಪಲ್ಯ ಎತ್ತಿಕೊಳ್ಳುವುದು. ಪಲ್ಯ ಕುಂಬಳದ ಎಲೆಯದು, ಅದಕ್ಕೆ ಕುಟ್ಟಿದ ಶೇಂಗಾಪುಡಿ. ನಮ್ಮಾಕೆ ಎರಡು ಸಲ ಹಾಕಿಸಿಕೊಂಡಳು. ಅಡುಗೆಯ ಹೆಣ್ಣುಮಗಳು ಇವಳ ಕೈ ನೋಡಿ, ಚಮಚ ಇಲ್ಲದೆ ಉಣ್ಣಲು ಬರುತ್ತದಲ್ಲ ಅಂತ ಬಿದ್ದು ಬಿದ್ದು ನಕ್ಕಳು. ಬಂದ ಭಾಷೆ ನಮಗೆ ಒಂದೇ ಪದ, "ಜಿಕೊಮೊ", ಅಂದರೆ ಧನ್ಯವಾದ. ಅದನ್ನೇ ಇಪ್ಪತ್ತು ಸಲ ಹೇಳಿದೆವು.

ಚೀಟಿ ಬಂತು. ಹತ್ತು ನಿಮಿಷವಂತೆ. ಇನ್ನೂ ಆರು ಅಂಶ ಬರೆದುಕೊಂಡಿದ್ದೆ. ಬೇಗ ಬೇಗ ಹೇಳುತ್ತೇನೆ.

ಮಣ್ಣು. ಅಲ್ಲಿ ಎಷ್ಟೋ ಕಡೆ ನಮ್ಮದೇ ಎರೆಮಣ್ಣು. ನವೆಂಬರಿನಲ್ಲಿ ಮಳೆ ಹಿಡಿದರೆ ಜೀಪು ಹೂತು ನಿಲ್ಲುತ್ತದೆ. ಅದಕ್ಕೆ ಒಳಗಿನ ಎಷ್ಟೋ ಶಿಬಿರಗಳನ್ನು ಮಳೆಗಾಲಕ್ಕೆ ಬಿಚ್ಚಿಟ್ಟು, ನೆಲ ಒಣಗಿದ ಮೇಲೆ ಹುಲ್ಲು, ಗಳ ತಂದು ಮತ್ತೆ ಕಟ್ಟುತ್ತಾರೆ. ಹೊಳೆಯೂ ಹಾಗೆಯೇ. ಲುವಾಂಗ್ವಾ ಮುಖ್ಯ ಹೊಳೆಗೆ ಅಣೆಕಟ್ಟಿಲ್ಲ, ಪ್ರವಾಹ ಬಂದಾಗ ದಂಡೆ ಕೊರೆದು ದಾರಿ ಬದಲಿಸುತ್ತದೆ. ಹಳೆಯ ತಿರುವು ಕುದುರೆ ಲಾಳದಂಥ ಕೆರೆಯಾಗಿ ಉಳಿಯುತ್ತದೆ. ಅಲ್ಲಿ ಕಾಂಕ್ರೀಟ್ ಸುರಿದು "ರಿವರ್ ವ್ಯೂ" ಅಂತ ಬೋರ್ಡ್ ಹಾಕಿದರೆ, ಹತ್ತು ವರ್ಷದಲ್ಲಿ ವ್ಯೂ ಇರುತ್ತದೆ, ರೂಮು ಇರುವುದಿಲ್ಲ.

ಬಟ್ಟೆ. ನೀಲಿ, ಕಪ್ಪು ಬೇಡ ಅಂತ ಲಾಡ್ಜಿನವರು ಮೊದಲೇ ಬರೆದಿದ್ದರು. ನಾನು ಓದಲಿಲ್ಲ. ಬ್ಯಾಂಕಿನ ಹಳೆಯ ಕಡುನೀಲಿ ಪ್ಯಾಂಟ್ ಹಾಕಿಕೊಂಡು ಹೋದೆ. ತ್ಸೆತ್ಸೆ ನೊಣಕ್ಕೆ ಆ ಎರಡು ಬಣ್ಣ ಅಂದರೆ ಪ್ರಾಣ. ಪ್ಯಾಂಟಿನ ಮೇಲಿಂದಲೇ ಚುಚ್ಚುತ್ತದೆ. ಕೊನೆಗೆ ಡ್ರೈವರ್ ಒಂದು ಡಬ್ಬಿಯಲ್ಲಿ ಒಣಗಿದ ಆನೆ ಲದ್ದಿ ಹೊತ್ತಿಸಿ ಜೀಪಿನ ಹಿಂದೆ ತೂಗುಹಾಕಿದ. ಕೊಟ್ಟಿಗೆಯಲ್ಲಿ ಕುಳ್ಳಿನ ಹೊಗೆ ಹಾಕುತ್ತೇವಲ್ಲ, ಅದೇ. ಎರಡು ತಿಂಗಳ ಪೆನ್ಷನ್ ಕೊಟ್ಟು ಲದ್ದಿಯ ಹೊಗೆ ಕುಡಿದೆ.

ಅಲ್ಲಿಯ ಎಂಫುವೆ ಲಾಡ್ಜಿನ ಸ್ವಾಗತಕಟ್ಟೆಯೊಳಗೇ ಆನೆ ನಡೆದು ಹೋಗುವುದನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಕಾಡುಮಾವಿನ ಮರಕ್ಕೆ ಹೋಗುವ ಅವುಗಳ ಹಳೆಯ ದಾರಿಯ ಮೇಲೆ ಕಟ್ಟಡ ಬಂದಿದೆ. ಹಣ್ಣಿನ ಕಾಲದಲ್ಲಿ ಮರಿಗಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿ, ಕೌಂಟರ್ ಮುಂದೆಯೇ ಹಾಯ್ದು ಹೋಗುತ್ತವೆ. ಅವರು ದಾರಿ ಮುಚ್ಚಲಿಲ್ಲ. ನನಗಂತೂ ಆ ಕೌಂಟರಿನ ಹಿಂದೆ ಕೂತ ಗುಮಾಸ್ತನ ನೆನಪಾಗುತ್ತದೆ. 31 ವರ್ಷದಲ್ಲಿ ನನ್ನ ಕಿಂಡಿಗೆ ಅಂಥ ಗಿರಾಕಿ ಬರಲಿಲ್ಲ.

ಹಕ್ಕಿ. ಹೊಳೆದಂಡೆಯ ಮಣ್ಣಿನ ಗೋಡೆಯಲ್ಲಿ ನೂರಾರು ತೂತು, ತೂತಿಗೊಂದು ಸಂಸಾರ, ಕುಂಕುಮ ಬಣ್ಣದ ಕಳ್ಳಿಪೀರ ಹಕ್ಕಿಗಳು. ಫೋಟೋ ಇತ್ತು, ಪ್ರೊಜೆಕ್ಟರ್ ಕೈಕೊಟ್ಟಿದೆ. ಅಲ್ಲಿಯ ದಪ್ಪ ಬೊಡ್ಡೆಯ ಬಾವೊಬಾಬ್ ಮರಕ್ಕೆ ಫೋಟೋ ಬೇಡ, ಸವಣೂರಿನ ದೊಡ್ಡಹುಣಸೆ ಮಠಕ್ಕೆ ಹೋಗಿ ನೋಡಿ, ಅಲ್ಲಿಯ ದೊಡ್ಡ ಮರಗಳು ಆ ಆಫ್ರಿಕಾದ ಜಾತಿಯವೇ. ನಾವು ಅದಕ್ಕೆ ಹುಣಸೆ ಅಂದೆವು. ತಮಾಷೆ ಏನು ಅಂದರೆ, ಸಾರಿಗೆ ಹಾಕುವ ನಮ್ಮ ನಿಜವಾದ ಹುಣಸೆಯೂ ಮೂಲದಲ್ಲಿ ಆಫ್ರಿಕಾದ್ದೇ. ಲುವಾಂಗ್ವಾ ದಂಡೆಯಲ್ಲಿ ಹುಣಸೆ ಮರದ ನೆರಳಿನಲ್ಲಿ ಆನೆ ನಿಂತಿರುತ್ತವೆ.

ನಮ್ಮಲ್ಲಿಗೆ ಬರೋಣ. ಸರ್ಕಾರ 1980ರಲ್ಲಿ ಜಂಗಲ್ ಲಾಡ್ಜಸ್ ಕಂಪನಿ ಮಾಡಿತು, ಕಬಿನಿ ದಂಡೆಯಲ್ಲಿ ಲಾಡ್ಜ್ ಕಟ್ಟಿತು. ಆಮೇಲೆ ಖಾಸಗಿಯವರು ಸಾಲುಸಾಲಾಗಿ ಬಂದರು. ನಾನು ಬೇಡ ಅನ್ನುವವನಲ್ಲ. ಅಲ್ಲಿಗೆ ಹೋದವರು ಊಟ ಹೇಗಿತ್ತು, ಹುಲಿ ಕಂಡಿತಾ ಅಂತ ಹೇಳುತ್ತಾರೆ. ದುಡ್ಡು ಯಾವ ಊರಿನ ಪೆಟ್ಟಿಗೆಗೆ ಬಿತ್ತು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಮುಂದಿನ ಸಲ ಬಿಲ್ ಕಟ್ಟುವಾಗ ಕೇಳಿ. ಉತ್ತರ ಬರಲಿಕ್ಕಿಲ್ಲ. ಕೌಂಟರಿನವನ ಮುಖ ನೋಡಿ, ಅದೇ ಅರ್ಧ ಉತ್ತರ. ಆ ಮುಖ ನನಗೆ ಗೊತ್ತು, ನಾನೂ ಹಾಕಿದ್ದೇನೆ.

ಇನ್ನೊಂದು ಚೀಟಿ. "ಸಿಂಹ?" ಅಂತ ಇಷ್ಟೇ ಬರೆದಿದ್ದಾರೆ. ನೋಡಿದೆವು ಸಾರ್. ಹದಿನಾಲ್ಕು ಇದ್ದವು. ಎಲ್ಲವೂ ಮಲಗಿದ್ದವು. ನಲವತ್ತು ನಿಮಿಷ ಕಾದೆವು. ಒಂದು ಎದ್ದು, ಆಕಳಿಸಿ, ಇನ್ನೊಂದರ ನೆರಳಿಗೆ ಹೋಗಿ ಮತ್ತೆ ಮಲಗಿತು. ಹಿಂದೆ ಚಹಾದ ಕಪ್ಪಿನ ಸದ್ದು ಕೇಳುತ್ತಿದೆ, ನಾನು ಕೂರುತ್ತೇನೆ.